ಬಗ್ಗಡ ನೀರು ನಮಗೆ ಏನು ಹೇಳುತ್ತದೆ?

(ಮಳೆಗಾಲದ ಪೂರ್ವಸಿದ್ಧತೆಗಾಗಿ ಕರೆದಿದ್ದ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬರುವಾಗ ನಿಮ್ಮ ನಿಮ್ಮ ಮನೆಯ ಕುಡಿಯುವ ನೀರನ್ನು ಒಂದೊಂದು ಬಾಟಲಿಯಲ್ಲಿ ತನ್ನಿ ಎಂದು ಹೇಳಿ ಕಳಿಸಿದ್ದೆವು. ಹದಿನಾಲ್ಕು ಜನ ತಂದಿದ್ದೀರಿ. ಉಳಿದವರು ಮರೆತಿದ್ದೀರಿ, ಇರಲಿ. ಬಾಟಲಿಗಳನ್ನೆಲ್ಲ ಈ ಮೇಜಿನ ಮೇಲೆ, ಕಿಟಕಿಯ ಬೆಳಕಿಗೆ ಎದುರಾಗಿ ಇಟ್ಟಿದ್ದೇವೆ. ನೀವು ಒಳಗೆ ಬರುವಾಗಲೇ ಒಬ್ಬರು ಇನ್ನೊಬ್ಬರ ಬಾಟಲಿ ನೋಡಿ "ಅಯ್ಯೋ, ನಿಮ್ಮನೆ ನೀರು ಹಿಂಗಾ?" ಅಂದದ್ದು ನಮ್ಮ ಕಿವಿಗೂ ಬಿತ್ತು. ಹಾಗೆ ನೋಡುವುದೇ ಇವತ್ತಿನ ಪಾಠದ ಅರ್ಧ ಭಾಗ. ನಾವು ದಿನಾ ಕುಡಿಯುವ ನೀರನ್ನು ಬೆಳಕಿಗೆ ಹಿಡಿದು ನೋಡುವುದೇ ಇಲ್ಲ. ಸ್ಟೀಲ್ ಕೊಡದಿಂದ ಸ್ಟೀಲ್ ಲೋಟಕ್ಕೆ, ಲೋಟದಿಂದ ಬಾಯಿಗೆ. ನೀರಿನ ಮುಖ ನಮಗೆ ಕಾಣುವುದು ಯಾವಾಗ?

ನೀರು ಪರೀಕ್ಷೆ ಮಾಡುವವರು ಇದಕ್ಕೆ ಟರ್ಬಿಡಿಟಿ ಅನ್ನುತ್ತಾರೆ. ನಮ್ಮ ಕಡೆ ಬಗ್ಗಡ, ಕದಡಿದ ನೀರು ಅಂತೇವೆ, ಉತ್ತರ ಕರ್ನಾಟಕದ ಕಡೆ ರಾಡಿ ಅನ್ನುತ್ತಾರೆ. ಇದಕ್ಕೆ ವಿರುದ್ಧವಾದದ್ದು ತಿಳಿ ನೀರು. ನಮ್ಮ ಭಾಷೆಯಲ್ಲಿ ನೀರು ತಿಳಿಯಾಗುವುದಕ್ಕೂ ಮನುಷ್ಯರಿಗೆ ವಿಷಯ ತಿಳಿಯುವುದಕ್ಕೂ ಒಂದೇ ಮಾತು. ನಮಗೆ ಇದು ತಿಳಿದದ್ದು ತಡವಾಗಿ. ಆ ಕಥೆಯನ್ನೇ ಮೊದಲು ಹೇಳುತ್ತೇವೆ.

2007ರ ಜುಲೈ ತಿಂಗಳು. ಕಾಫಿ ತೋಟವೊಂದರ ಲೈನ್ ಮನೆಗಳಲ್ಲಿ ವಾಂತಿ ಭೇದಿ ಶುರುವಾಗಿದೆ ಎಂದು ಸುದ್ದಿ ಬಂತು. ಹನ್ನೆರಡು ಮನೆ, ಒಂದು ಬಾವಿ. ಬಾವಿಯ ಮೇಲ್ಗಡೆಯ ಇಳಿಜಾರನ್ನು ಆ ವರ್ಷ ಶುಂಠಿ ಹಾಕಲು ಕೊಟ್ಟಿದ್ದರು. ಮರ, ಪೊದೆ ಎಲ್ಲ ಕಡಿದು, ಮಣ್ಣು ಸಡಿಲ ಮಾಡಿ ಪಟ್ಟೆ ಎಬ್ಬಿಸಿದ್ದರು. ಮಳೆ ಹಿಡಿದ ಮೇಲೆ ಆ ಮಣ್ಣು ನಿಲ್ಲುತ್ತದೆಯೇ? ನಾವು ಹೋಗಿ ನೋಡಿದಾಗ ಬಾವಿ ನೀರು ಹಾಲು ಹಾಕಿದ ಚಹಾದ ಬಣ್ಣಕ್ಕಿತ್ತು. ಕಟ್ಟೆ ಒಂದು ಕಡೆ ಒಡೆದಿತ್ತು, ಅಲ್ಲಿಂದ ಮಳೆನೀರು ನೇರವಾಗಿ ಒಳಗೆ ಇಳಿಯುತ್ತಿತ್ತು.

ನಮ್ಮ ಜೀಪಿನಲ್ಲಿ ಬ್ಲೀಚಿಂಗ್ ಪೌಡರ್ ಇತ್ತು. ಎಂ.ಎಸ್.ಡಬ್ಲ್ಯು. ಓದಿದವರು ನಾವು, ಸಮುದಾಯ ಸಂಘಟನೆ, ಸಮೀಕ್ಷೆ, ವರದಿ ಎಲ್ಲ ಕಲಿತಿದ್ದೆವು. ನೀರಿನ ಬಗ್ಗೆ ನಮಗೆ ಗೊತ್ತಿದ್ದದ್ದು ಒಂದೇ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಅಂದಾಜಿನ ಮೇಲೆ ಹಾಕಿದೆವು. ಸಂಜೆ ನೀರು ಸೇದಿದಾಗ ಘಾಟು ವಾಸನೆ ಬಂತು. ನಮಗೆ ಸಮಾಧಾನವಾಯಿತು. ಅಲ್ಲಿದ್ದ ಒಬ್ಬರು ಅಜ್ಜಿ ಕೊಡ ಸೊಂಟಕ್ಕೆ ಏರಿಸಿಕೊಂಡು ಕೇಳಿದರು, "ಸಿಸ್ಟರಮ್ಮ, ನೀರಿನ್ನೂ ಕೆಂಪಗೇ ಅದಲ್ಲ, ಕುಡೀಬೋದಾ?" ನಾವು ಹೇಳಿದ ಉತ್ತರ ಇವತ್ತಿಗೂ ನೆನಪಿದೆ. "ಔಷಧಿ ಹಾಕಿದ್ದೀವಿ ಅಜ್ಜಿ, ಏನೂ ಆಗಲ್ಲ, ಕುಡೀರಿ."

ಮಾರನೇ ದಿನ ಬೆಳಿಗ್ಗೆ ನೀರಿನಲ್ಲಿ ಘಾಟು ಒಂದಿಷ್ಟೂ ಇರಲಿಲ್ಲ. ಅದನ್ನು ನಾವು ಒಳ್ಳೆಯ ಲಕ್ಷಣ ಎಂದೇ ತಿಳಿದೆವು. ಭೇದಿ ನಿಲ್ಲಲಿಲ್ಲ. ನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಆಸ್ಪತ್ರೆಗೆ ಸೇರಿಸಿ ಎರಡು ದಿನ ಡ್ರಿಪ್ ಹಾಕಿಸಬೇಕಾಯಿತು, ಅವಳು ಉಳಿದಳು. ಐದನೇ ದಿನ ಆ ಅಜ್ಜಿ ತೀರಿಕೊಂಡರು. ವಯಸ್ಸಾಗಿತ್ತು, ಮೊದಲೇ ನಿಶ್ಶಕ್ತಿ ಇತ್ತು ಎಂದು ಎಲ್ಲರೂ ಹೇಳಿದರು. ನಮ್ಮನ್ನು ಯಾರೂ ಏನೂ ಅನ್ನಲಿಲ್ಲ. ಆದರೆ ಪ್ರಶ್ನೆ ಕೇಳಿದ್ದು ಅಜ್ಜಿ, ತಪ್ಪು ಉತ್ತರ ಕೊಟ್ಟದ್ದು ನಾವು.

ಆಮೇಲೆ ವಿಚಾರಿಸಲು ಬಂದ ವೈದ್ಯರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ "ಎಷ್ಟು ಪೌಡರ್ ಹಾಕಿದಿರಿ?" ಎಂದಲ್ಲ. "ನೀರಿನ ಬಣ್ಣ ಹೇಗಿತ್ತು?" ಎಂದು.

ಯಾಕೆ ಹಾಗೆ ಕೇಳಿದರು? ಬ್ಲೀಚಿಂಗ್ ಪೌಡರಿನಲ್ಲಿ ಕೆಲಸ ಮಾಡುವುದು ಕ್ಲೋರಿನ್. ಅದಕ್ಕೆ ರೋಗಾಣು ಯಾವುದು, ಎಲೆಯ ಕೊಳೆ ಯಾವುದು, ಸಗಣಿಯ ಚೂರು ಯಾವುದು ಎಂಬ ಭೇದ ಇಲ್ಲ. ಎದುರಿಗೆ ಸಿಕ್ಕಿದ್ದರ ಜೊತೆ ಸೆಣಸಿ ಖರ್ಚಾಗಿಬಿಡುತ್ತದೆ. ಮೇಲಿನ ತೋಟದ ಮಣ್ಣಿನ ಜೊತೆ ಕೊಳೆತ ಎಲೆ, ಗೊಬ್ಬರ ಎಲ್ಲ ಬಾವಿಗೆ ಇಳಿದಿತ್ತು. ನಾವು ಹಾಕಿದ ಕ್ಲೋರಿನ್ ಅದಕ್ಕೇ ಸಾಲದಾಯಿತು. ಬೆಳಿಗ್ಗೆ ವಾಸನೆ ಹೋದದ್ದು ಕೆಲಸ ಮುಗಿದದ್ದರಿಂದ ಅಲ್ಲ, ಕ್ಲೋರಿನ್ ಮುಗಿದದ್ದರಿಂದ. ಇನ್ನೊಂದು ವಿಷಯ, ರೋಗಾಣುಗಳು ನೀರಿನಲ್ಲಿ ಒಂಟಿಯಾಗಿ ಈಜಾಡಿಕೊಂಡು ಇರುವುದು ಕಡಿಮೆ. ಮಣ್ಣಿನ ಕಣಕ್ಕೆ ಅಂಟಿಕೊಂಡು, ಕಣಗಳ ಗುಂಪಿನ ಸಂದಿಯಲ್ಲಿ ಅವಿತುಕೊಂಡು ಇರುತ್ತವೆ. ಮಳೆಗೆ ನಾವು ಗೊರಬಿನ ಒಳಗೆ ಕೂತ ಹಾಗೆ. ಮಳೆ ಎಷ್ಟೇ ಹೊಯ್ಯಲಿ, ಒಳಗಿದ್ದವರು ನೆನೆಯುವುದಿಲ್ಲ. ಕ್ಲೋರಿನ್ ಹೊರಗೆ, ರೋಗಾಣು ಒಳಗೆ.

ಮನೆಯಲ್ಲಿ ಯುವಿ ದೀಪದ ಫಿಲ್ಟರ್ ಇಟ್ಟವರಿಗೂ ಇದೇ ಮಾತು. ಅಲ್ಲಿ ರೋಗಾಣುವನ್ನು ಕೊಲ್ಲುವುದು ಬೆಳಕು. ಬಗ್ಗಡ ನೀರಿನಲ್ಲಿ ಕಣದ ನೆರಳಿಗೆ ಕೂತ ರೋಗಾಣುವಿಗೆ ಬೆಳಕು ತಾಗುವುದೇ ಇಲ್ಲ. ಕುದಿಸುವುದಕ್ಕೆ ಮಾತ್ರ ಈ ತೊಂದರೆ ಇಲ್ಲ. ನೀರು ಬಗ್ಗಡವಾಗಿರಲಿ, ತಿಳಿಯಾಗಿರಲಿ, ಗುಳುಗುಳು ಎಂದು ಒಂದು ನಿಮಿಷ ಪೂರ್ತಿ ಕುದಿದರೆ ರೋಗಾಣು ಸಾಯುತ್ತದೆ. ಶಾಖ ಕಣದ ಒಳಕ್ಕೂ ಹೋಗುತ್ತದೆ. ಆದರೆ ಜುಲೈ ತಿಂಗಳಲ್ಲಿ ಒದ್ದೆ ಸೌದೆಯಲ್ಲಿ ಇಡೀ ಮನೆಗೆ ಬೇಕಾದ ನೀರು ಕುದಿಸುವುದು ಎಷ್ಟು ಕಷ್ಟ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಗ್ಯಾಸಿನ ರೇಟೂ ನಿಮಗೇ ಗೊತ್ತು.

ಹಾಗಾದರೆ ಬಗ್ಗಡ ಎಂದರೆ ಏನು? ನಮ್ಮ ಹೆಂಚಿನ ಮನೆಗಳಲ್ಲಿ ಅಡುಗೆಮನೆ ಮಾಡಿಗೆ ಒಂದು ಗಾಜಿನ ಹೆಂಚು ಇರುತ್ತದೆ, ಹೌದಲ್ವಾ? ಅದರಿಂದ ಬಿಸಿಲಿನ ಕೋಲು ಇಳಿದಾಗ ಅದರೊಳಗೆ ಹೊಗೆ, ಧೂಳು ಆಡುವುದು ಕಾಣುತ್ತದೆ. ಧೂಳು ಮನೆಯ ತುಂಬ ಇದೆ, ಬೆಳಕು ಬಿದ್ದಲ್ಲಿ ಮಾತ್ರ ಕಾಣುತ್ತದೆ. ಯಾಕೆಂದರೆ ಪ್ರತಿ ಕಣವೂ ಬೆಳಕನ್ನು ಪಕ್ಕಕ್ಕೆ ಚದುರಿಸುತ್ತದೆ. ನೀರಿನಲ್ಲೂ ಅಷ್ಟೇ. ಪ್ರಯೋಗಾಲಯದ ಯಂತ್ರ ಮಾಡುವುದು ಇದನ್ನೇ. ಒಂದು ಗಾಜಿನ ಶೀಶೆಗೆ ಬೆಳಕು ಹಾಯಿಸಿ, ಎಷ್ಟು ಬೆಳಕು ಪಕ್ಕಕ್ಕೆ ಚದುರಿತು ಎಂದು ಅಳೆದು, ಎನ್‌ಟಿಯು ಎಂಬ ಲೆಕ್ಕದಲ್ಲಿ ಹೇಳುತ್ತದೆ. ಭಾರತೀಯ ಮಾನಕ ಐಎಸ್ 10500, ಅಂದರೆ ನಮ್ಮ ದೇಶದ ಕುಡಿಯುವ ನೀರಿನ ಅಳತೆಗೋಲು, ಅದರ 2012ರ ಪ್ರಕಾರ 1 ಎನ್‌ಟಿಯು ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 5ರವರೆಗೆ ಒಪ್ಪಬಹುದು. ನಮ್ಮ ಕಣ್ಣಿಗೆ ಬಗ್ಗಡ ಗೊತ್ತಾಗುವುದೇ ಸುಮಾರು 4 ದಾಟಿದ ಮೇಲೆ. ಅಂದರೆ ಕಣ್ಣಿಗೆ ಕಾಣುವ ಹೊತ್ತಿಗೆ ನೀರು ಮಿತಿ ದಾಟಿ ಆಗಿರುತ್ತದೆ.

ರಾತ್ರಿ ಕರೆಂಟು ಹೋದಾಗ ಒಂದು ಗಾಜಿನ ಲೋಟಕ್ಕೆ ನೀರು ಹಾಕಿ ಪಕ್ಕದಿಂದ ಟಾರ್ಚ್ ಬಿಡಿ. ಮೊಬೈಲಿನ ಟಾರ್ಚೂ ಆಗುತ್ತದೆ. ನೀರಿನೊಳಗೆ ಬೆಳಕಿನ ದಾರಿ ಹೊಗೆಯ ಪಟ್ಟಿಯ ಹಾಗೆ ಕಂಡರೆ ಅಲ್ಲಿ ಕಣಗಳಿವೆ ಎಂದರ್ಥ. ಮಕ್ಕಳಿಗೂ ತೋರಿಸಿ, ಅವರಿಗೆ ಬಹಳ ಖುಷಿ.

ಎಲ್ಲ ಬಗ್ಗಡವೂ ಒಂದೇ ಅಲ್ಲ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಮರಳಿನ ಕಣ ಕೊಡದಲ್ಲಿ ಕ್ಷಣದಲ್ಲಿ ತಳ ಸೇರುತ್ತದೆ. ನಮ್ಮ ಕೆಂಪು ಜೇಡಿಯ ಅತಿ ನುಣುಪಾದ ಕಣ, ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಇರುವಂಥದ್ದು, ನೀರು ಅಲುಗಾಡದೆ ನಿಂತರೂ ಒಂದು ಮೀಟರ್ ಕೆಳಗಿಳಿಯಲು ವಾರಕ್ಕಿಂತ ಹೆಚ್ಚು ಹಿಡಿಯುತ್ತದೆ. ರೋಗಾಣುಗಳೂ ಹೆಚ್ಚು ಕಡಿಮೆ ಅದೇ ಗಾತ್ರದವು, ವೈರಸ್ ಇನ್ನೂ ಸಣ್ಣದು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಪಲ್ಪಿಂಗ್ ಮಾಡಿದ ನೀರನ್ನು ಹಳ್ಳಕ್ಕೆ ಬಿಟ್ಟರೆ ಆಗುವ ಬಗ್ಗಡ ಬೇರೆ ಜಾತಿಯದು. ಅದು ಮಣ್ಣಲ್ಲ, ಹಣ್ಣಿನ ಸಿಪ್ಪೆಯ ಲೋಳೆ, ಸಕ್ಕರೆ. ಅದು ಕೊಳೆಯುತ್ತಾ ನೀರಿನ ಉಸಿರನ್ನೇ ಎಳೆದುಕೊಳ್ಳುತ್ತದೆ, ಮೀನು ಸಾಯುತ್ತವೆ, ಹುಳಿ ವಾಸನೆ ಬರುತ್ತದೆ. ಕೊಳವೆಬಾವಿಯಿಂದ ತಿಳಿಯಾಗಿ ಬಂದು ಕೊಡದಲ್ಲಿ ನಿಂತ ಮೇಲೆ ಕೆಂಪಾಗುವ ನೀರಿನಲ್ಲಿ ಸಾಮಾನ್ಯವಾಗಿ ಇರುವುದು ಕಬ್ಬಿಣ. ನಲ್ಲಿ ತಿರುಗಿಸಿದ ಕೂಡಲೇ ಹಾಲಿನ ಹಾಗೆ ಬಂದು, ಒಂದು ನಿಮಿಷದಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾದರೆ ಅದು ಬರೀ ಗಾಳಿಯ ಗುಳ್ಳೆ, ಹೆದರಬೇಡಿ. ನಮ್ಮಲ್ಲಿ ಒಬ್ಬರು ಅದನ್ನು ನೋಡಿ ಟ್ಯಾಂಕಿಗೆ ಯಾರೋ ಸುಣ್ಣ ಹಾಕಿದ್ದಾರೆ ಎಂದು ಪಂಚಾಯ್ತಿಗೆ ಹೋಗಿ ಜಗಳ ಆಡಿದ್ದರು!

ನದಿಯ ಬಗ್ಗಡ ಇನ್ನೂ ದೊಡ್ಡ ಕಥೆ. ಭದ್ರಾ ದಂಡೆಯ ಊರುಗಳಿಂದ ಬಂದವರು ಇಲ್ಲಿದ್ದೀರಿ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಮಳೆಗಾಲದ ಭದ್ರೆ ಎಷ್ಟು ಮಣ್ಣು ಹೊತ್ತು ತರುತ್ತಿದ್ದಳು ಎಂದು ನಿಮ್ಮ ಹಿರಿಯರಿಗೆ ಗೊತ್ತು. ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಹೋರಾಟದಲ್ಲಿ ಕಾಡಿನ ಮಾತು, ಪ್ರಾಣಿಗಳ ಮಾತು ಬಹಳ ಬಂತು. ನದಿಯ ಹೂಳೂ ಅಷ್ಟೇ ದೊಡ್ಡ ವಿಷಯವಾಗಿತ್ತು. ನದಿಯಲ್ಲಿ ಬಗ್ಗಡವಾಗಿ ಹರಿದದ್ದು ಎಲ್ಲೋ ಒಂದು ಕಡೆ ಕೂರಲೇಬೇಕಲ್ಲ? ತುಂಗೆ ಭದ್ರೆ ಕೂಡಿ ಹೋಗಿ ಸೇರುವ ತುಂಗಭದ್ರಾ ಜಲಾಶಯಕ್ಕೆ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗಿನ ಲೆಕ್ಕ ಸುಮಾರು 106. ಐದರಲ್ಲಿ ಒಂದು ಪಾಲು ಜಾಗವನ್ನು ಹೂಳು ತಿಂದಿದೆ. ಅದರಲ್ಲಿ ನಮ್ಮ ಗುಡ್ಡಗಳ ಮಣ್ಣೂ ಇದೆ. ಇಲ್ಲಿ ನಮ್ಮ ಬಾವಿಯನ್ನು ಕೆಡಿಸಿದ ಮಣ್ಣೇ ಅಲ್ಲಿ ರಾಯಚೂರು, ಬಳ್ಳಾರಿ ರೈತರ ನೀರಿನ ಜಾಗವನ್ನು ತುಂಬುತ್ತದೆ.

ಈಗ ಬಾಟಲಿಗಳ ಕಡೆ ಬರೋಣ. ಇದರಲ್ಲಿ ಯಾವುದನ್ನು ಕುಡಿಯುತ್ತೀರಿ ಎಂದು ಕೇಳಿದಾಗ ಎಲ್ಲರೂ ಈ ಕೊನೆಯ ಬಾಟಲಿಗೆ ಕೈ ತೋರಿಸಿದಿರಿ. ಗಾಜಿನ ಹಾಗೆ ಹೊಳೆಯುತ್ತಿದೆ. ಇದು ಬಯಲುಸೀಮೆಯಿಂದ ನಮ್ಮ ಕಾರ್ಯಕರ್ತೆಯೊಬ್ಬರು ತಂದ ಕೊಳವೆಬಾವಿ ನೀರು. ಪಾವಗಡ, ಬಾಗೇಪಲ್ಲಿ ಕಡೆ ಹೋದವರು ನೋಡಿರಬಹುದು, ಹಲ್ಲೆಲ್ಲ ಕಂದು ಪಟ್ಟೆಯ ಮಕ್ಕಳು, ಬೆನ್ನು ನೆಟ್ಟಗೆ ಮಾಡಲಾಗದ ಹಿರಿಯರು. ಅದು ನೀರಿನಲ್ಲಿರುವ ಫ್ಲೋರೈಡಿನಿಂದ. ಅದು ಕರಗಿರುತ್ತದೆ, ಕಣವಾಗಿ ಇರುವುದಿಲ್ಲ, ಆದ್ದರಿಂದ ಬೆಳಕಿಗೆ ಕಾಣುವುದಿಲ್ಲ. ಆರ್ಸೆನಿಕ್, ನೈಟ್ರೇಟ್ ಕೂಡ ಹಾಗೆಯೇ. ತಿಳಿ ನೀರೆಲ್ಲ ಒಳ್ಳೆಯ ನೀರು ಎಂದು ನಾವು ಹೇಳುತ್ತಿಲ್ಲ. ದಯವಿಟ್ಟು ಮನೆಗೆ ಹೋಗಿ ಹಾಗೆ ಹೇಳಬೇಡಿ. ಬಗ್ಗಡ ನೀರನ್ನು ಅನುಮಾನಿಸಿ, ತಿಳಿ ನೀರನ್ನು ಪರೀಕ್ಷಿಸಿ, ಇಷ್ಟೇ ನಾವು ಹೇಳುವುದು.

ಅನುಮಾನ ಎಷ್ಟು ಮುಖ್ಯ ಎನ್ನುವುದಕ್ಕೆ ದೂರದ ಒಂದು ಊರಿನ ಉದಾಹರಣೆ ಕೊಡುತ್ತೇವೆ. ಅಮೆರಿಕದ ಮಿಲ್ವಾಕಿ ನಗರ. ದೊಡ್ಡ ಸರೋವರದ ನೀರು, ಶುದ್ಧೀಕರಣ ಘಟಕ, ಕ್ಲೋರಿನ್ ಎಲ್ಲ ಇದ್ದ ಊರು. 1993ರ ಮಾರ್ಚ್ ಕೊನೆಯಲ್ಲಿ ಒಂದು ಘಟಕದಿಂದ ಹೊರಬರುವ ನೀರಿನ ಬಗ್ಗಡ ಏರಿ 1.7 ಎನ್‌ಟಿಯು ಮುಟ್ಟಿತು. ನಮ್ಮ ಲೆಕ್ಕದಲ್ಲಿ ಅದು ಏನೂ ಅಲ್ಲ, ಕಣ್ಣಿಗೂ ಕಾಣುವುದಿಲ್ಲ. ಆದರೆ ಅಲ್ಲಿ ದಿನವೂ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತಿತ್ತು. ಫಿಲ್ಟರಿನಲ್ಲಿ ಏನೋ ತಪ್ಪುತ್ತಿದೆ ಎಂದು ಆ ಅಂಕಿ ಹೇಳುತ್ತಿತ್ತು. ಅದರ ಜೊತೆ ನುಸುಳಿ ಬಂದದ್ದು ಕ್ರಿಪ್ಟೋಸ್ಪೊರಿಡಿಯಂ ಎಂಬ ಜೀವಿ. ಕ್ಲೋರಿನ್ನಿಗೆ ಅದು ಸಾಯುವುದಿಲ್ಲ. ಅಂದಾಜು 4 ಲಕ್ಷ 3 ಸಾವಿರ ಜನ ಭೇದಿಯಿಂದ ಮಲಗಿದರು. ದೇಹದಲ್ಲಿ ರೋಗನಿರೋಧಕ ಶಕ್ತಿ ಇಲ್ಲದವರು ಹಲವರು ಸತ್ತರು. ರೋಗಾಣುವನ್ನು ಕಂಡುಹಿಡಿಯುವ ಮೊದಲೇ ಬಗ್ಗಡ ಗಂಟೆ ಹೊಡೆದಿತ್ತು. ನೋಡಿ, ನಮ್ಮ ಲೈನ್ ಮನೆ ಅಜ್ಜಿ ಬರಿಗಣ್ಣಿನಲ್ಲಿ ನೋಡಿ ಹೇಳಿದ್ದೂ ಅದನ್ನೇ.

ಹಾಗಾಗಿ ನಮ್ಮ ಕೆಲಸದ ಕ್ರಮ ಹೀಗೆ. ಮೊದಲು ತಿಳಿ ಮಾಡಬೇಕು, ಆಮೇಲೆ ಔಷಧಿ. ಹಿಂದುಮುಂದಾಗಬಾರದು.

ಮನೆಯಲ್ಲಿ ತಿಳಿ ಮಾಡಲು ನಮ್ಮ ಅಜ್ಜಿಯಂದಿರಿಗೆ ದಾರಿ ಗೊತ್ತಿತ್ತು. ಚಿಲ್ಲದ ಬೀಜವನ್ನು ಮಣ್ಣಿನ ಗಡಿಗೆಯ ಒಳಮೈಗೆ ತೇಯ್ದು ನೀರು ತುಂಬಿಸಿಡುತ್ತಿದ್ದರು. ಈಗ ಆ ಮರವನ್ನು ಗುರುತು ಹಿಡಿಯುವವರೇ ಕಡಿಮೆ. ನುಗ್ಗೆಯ ಒಣಬೀಜದ ತಿರುಳನ್ನು ಕುಟ್ಟಿ ಕದಡಿದರೂ ಅದೇ ಕೆಲಸ ಆಗುತ್ತದೆ, ಆದರೆ ಆ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಡಬಾರದು, ಬೀಜದ ಅಂಶ ಕೊಳೆಯುತ್ತದೆ. ಅಂಗಡಿಯಲ್ಲಿ ಸಿಗುವುದು ಪಟಿಕ. ಜೇಡಿಮಣ್ಣಿನ ಕಣಗಳೆಲ್ಲ ಒಂದೇ ಬಗೆಯ ವಿದ್ಯುತ್ ಅಂಶ ಹೊತ್ತಿರುತ್ತವೆ, ಅದಕ್ಕೇ ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಲೇ ಇರುತ್ತವೆ. ಜಗಳವಾಡಿದ ಓರಗಿತ್ತಿಯರ ಹಾಗೆ. ಪಟಿಕ ಆ ಜಗಳ ಬಿಡಿಸುತ್ತದೆ. ಕಣಗಳು ಒಂದಕ್ಕೊಂದು ಅಂಟಿ, ಹತ್ತಿಯ ಹಿಂಜಿನಂತಾಗಿ, ಭಾರವಾಗಿ ತಳ ಸೇರುತ್ತವೆ. ಅಂಟಿಕೊಂಡಿದ್ದ ರೋಗಾಣುಗಳನ್ನೂ ಬಹಳಷ್ಟು ಕೆಳಗೆ ಎಳೆದುಕೊಂಡು ಹೋಗುತ್ತವೆ. 20 ಲೀಟರಿನ ಕೊಡಕ್ಕೆ ಒಂದು ಗ್ರಾಂ ಒಳಗೇ ಸಾಕು, ಅಂದರೆ ಪಟಿಕದ ಗಟ್ಟಿಯನ್ನು ಹಿಡಿದು ನೀರಿನಲ್ಲಿ ಕೆಲವು ಸುತ್ತು ತಿರುಗಿಸಿ ತೆಗೆದರೆ ಆಯಿತು. ಗಟ್ಟಿಯನ್ನು ಕೊಡದೊಳಗೇ ಬಿಟ್ಟುಬಿಡುವ ಅಭ್ಯಾಸ ಕೆಲವರಿಗಿದೆ, ಅದು ಬೇಡ. ನೀರು ಹುಳಿಯಾಗುತ್ತದೆ, ಬೇಡದ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಕೆಲವು ಗಂಟೆ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿ. ತಳದ ಎರಡು ಇಂಚು ನೀರಿನ ಆಸೆ ಬಿಡಿ. ಅಲ್ಲೇ ಎಲ್ಲ ರೋಗ ಕೂತಿರುವುದು, ಅದನ್ನು ಬಾಳೆಬುಡಕ್ಕೆ ಹಾಕಿ.

ಬಗ್ಗಿಸುವಾಗ ಬಟ್ಟೆಯಲ್ಲಿ ಸೋಸಿ. ಹೊಸ ಬಟ್ಟೆ ಅಲ್ಲ, ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ, ನಾಲ್ಕು ಮಡಿಕೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದನ್ನು ಮಾಡಿ ನೋಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳೆ ಸೀರೆಯಲ್ಲಿ ಸೋಸಿ ಕುಡಿದ ಹಳ್ಳಿಗಳಲ್ಲಿ ಕಾಲರಾ ಹೆಚ್ಚು ಕಡಿಮೆ ಅರ್ಧಕ್ಕಿಳಿಯಿತು. ಕಾಲರಾದ ರೋಗಾಣು ಅಲ್ಲಿನ ಕೆರೆಯ ಸಣ್ಣ ಸಣ್ಣ ಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ, ಸೀರೆಯ ಮಡಿಕೆ ಅವನ್ನು ತಡೆಯಿತು. ಹಳೆಯ ದಾರ ಸಡಿಲಗೊಂಡು ಎಳೆ ಎಳೆಯಾಗಿ ಹರಡಿಕೊಂಡು ತೂತುಗಳು ಸಣ್ಣದಾಗುವುದರಿಂದ ಹಳೆ ಸೀರೆಯೇ ಮೇಲು. ಹಳತು ಎಂದು ನಮ್ಮನ್ನು ಮೂಲೆಗೆ ಕೂರಿಸುವವರು ಇದನ್ನು ಗಮನಿಸಲಿ! ಸೋಸಿದ ಬಟ್ಟೆಯನ್ನು ತಿರುವಿ ಒಗೆದು ಬಿಸಿಲಿಗೆ ಹಾಕಿ. ಅದೇ ಬಟ್ಟೆಯಲ್ಲಿ ಪಾತ್ರೆ ಒರೆಸಿದರೆ ಎಲ್ಲ ವ್ಯರ್ಥ.

ಹೀಗೆ ತಿಳಿಯಾದ ಮೇಲೆ ಕುದಿಸಿ, ಅಥವಾ ಆಶಾ ಕಾರ್ಯಕರ್ತೆಯರು ಕೊಡುವ ಕ್ಲೋರಿನ್ ಮಾತ್ರೆ ಹಾಕಿ. ಎಷ್ಟು ಲೀಟರಿಗೆ ಒಂದು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಅದನ್ನು ಓದಿಯೇ ಹಾಕಬೇಕು. ಅರ್ಧ ಗಂಟೆ ಬಿಡಬೇಕು.

ಬಾವಿಯ ಲೆಕ್ಕ ಬೇರೆ. ಬಾವಿಯ ಅಡ್ಡಗಲ ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿದರೆ ಎಷ್ಟು ಸಾವಿರ ಲೀಟರ್ ಎಂದು ಬರುತ್ತದೆ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರು ಇದ್ದರೆ ಸುಮಾರು ಒಂಬತ್ತೂವರೆ ಸಾವಿರ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂದರೆ ಸುಮಾರು 24 ಗ್ರಾಂ. ಆದರೆ ಇದು ತಿಳಿ ನೀರಿನ ಲೆಕ್ಕ, ಮತ್ತು ಡಬ್ಬಿ ತೆರೆದು ಆರು ತಿಂಗಳು ಇಟ್ಟ ಪೌಡರಿನ ಲೆಕ್ಕ ಅಲ್ಲ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಐದು ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕಲಕಬೇಕು. ತಳದ ಸುಣ್ಣವನ್ನು ಬಾವಿಗೆ ಸುರಿಯಬಾರದು. ರಾತ್ರಿ ಹಾಕುವುದು ಒಳ್ಳೆಯದು, ಕಡಿಮೆ ಎಂದರೆ ಒಂದು ಗಂಟೆ ಯಾರೂ ನೀರು ಸೇದಬಾರದು. ಆಮೇಲೆ ಪರೀಕ್ಷೆ ಮಾಡಬೇಕು. ಪಂಚಾಯ್ತಿಯ ಕಿಟ್‌ನಲ್ಲಿರುವ ದ್ರಾವಣ ಹಾಕಿದಾಗ ನೀರು ತೆಳು ಹಳದಿಗೆ ತಿರುಗಿದರೆ ಕ್ಲೋರಿನ್ ಇನ್ನೂ ಉಳಿದಿದೆ, ಕಾವಲಿಗೆ ಜನ ಇದ್ದಾರೆ ಎಂದರ್ಥ. ಬಣ್ಣ ಬರದಿದ್ದರೆ ಎಲ್ಲ ಖರ್ಚಾಗಿದೆ. ನಾವು 2007ರಲ್ಲಿ ಈ ಒಂದು ಪರೀಕ್ಷೆ ಮಾಡಿದ್ದರೆ ಅಜ್ಜಿಗೆ ಬೇರೆ ಉತ್ತರ ಕೊಡುತ್ತಿದ್ದೆವು.

ಬಾವಿ ಪೂರ್ತಿ ಬಗ್ಗಡವಾಗಿದ್ದರೆ ಔಷಧಿ ಹಾಕಿ ಸಮಾಧಾನ ಪಡಬೇಡಿ. ಕುಡಿಯಲು ಬೇರೆ ನೀರು ನೋಡಿ, ಇಲ್ಲದಿದ್ದರೆ ಕುದಿಸಿಯೇ ಕುಡಿಯಿರಿ, ಮತ್ತು ಮಣ್ಣು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಆ ಲೈನ್ ಮನೆಗಳಲ್ಲಿ ಕೊನೆಗೆ ರೋಗ ನಿಲ್ಲಿಸಿದ್ದು ಬ್ಲೀಚಿಂಗ್ ಪೌಡರ್ ಅಲ್ಲ. ಹೆಂಗಸರೇ ಸೇರಿ ಬಾವಿಯ ಮೇಲ್ಗಡೆ ಒಂದು ಅಡ್ಡ ಕಾಲುವೆ ತೋಡಿ ಮಳೆನೀರನ್ನು ಬೇರೆ ಕಡೆ ತಿರುಗಿಸಿದರು. ತೋಟದವರ ಹತ್ತಿರ ಮೂರು ಸಲ ಹೋಗಿ ಸಿಮೆಂಟ್ ಕೇಳಿ ತಂದು ಕಟ್ಟೆ ಕಟ್ಟಿದರು. ಮುಂದಿನ ವರ್ಷ ಬಾವಿಯ ಮೇಲ್ಗಡೆ ಶುಂಠಿಗೆ ಕೊಡಬೇಡಿ ಎಂದು ಕೇಳಿದರು, ಅದು ಮಾತ್ರ ಆಗಲಿಲ್ಲ. ಅರ್ಧ ಜಾಗ ಬಿಟ್ಟರು, ಅಷ್ಟೇ. ಬಾವಿಗೂ ಶೌಚಾಲಯದ ಗುಂಡಿಗೂ 50 ಅಡಿಯಾದರೂ ಅಂತರ ಇರಬೇಕು, ಗುಂಡಿ ಬಾವಿಯ ಮೇಲ್ಗಡೆ ಇರಬಾರದು ಎನ್ನುವುದನ್ನೂ ಇದರ ಜೊತೆ ಸೇರಿಸಿಕೊಳ್ಳಿ. ಸೇದುವ ಹಗ್ಗ ನೆಲದ ಮೇಲೆ ಬಿದ್ದಿರಬಾರದು.

ಜಲ ಜೀವನ್ ಮಿಷನ್ನಿನ ಯೋಜನೆ, ನಮ್ಮಲ್ಲಿ ಮನೆ ಮನೆಗೆ ಗಂಗೆ ಎನ್ನುತ್ತಾರಲ್ಲ, ಅದರಲ್ಲಿ ಪ್ರತಿ ಹಳ್ಳಿಯ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಎಂದಿದೆ. ನಿಮ್ಮೂರಿನ ಐವರು ಯಾರು ಎಂದು ಪಂಚಾಯ್ತಿಯಲ್ಲಿ ಕೇಳಿ. ಹೆಸರು ಬರೆದು ಕಿಟ್ ಬೀರುವಿನಲ್ಲಿ ಇಟ್ಟಿದ್ದರೆ ಹೊರಗೆ ತೆಗೆಸಿ. ಕೇಳುವುದಕ್ಕೆ ಸಂಕೋಚ ಯಾಕೆ?

ಕೊನೆಯದಾಗಿ ಈ ತಟ್ಟೆಗಳ ವಿಷಯ. ಬಂದಾಗಿನಿಂದ ಇದೇನು ಎಂದು ಕೇಳುತ್ತಿದ್ದೀರಿ. ಇಟಲಿಯಲ್ಲಿ ಆಂಜೆಲೊ ಸೆಕ್ಕಿ ಎಂಬ ಯೇಸುಸಭೆಯ ಗುರುಗಳಿದ್ದರು. ಅವರು ನಕ್ಷತ್ರಗಳನ್ನು ಅಧ್ಯಯನ ಮಾಡುವ ವಿಜ್ಞಾನಿ. 1865ರಲ್ಲಿ ಪೋಪರ ಹಡಗೊಂದರಿಂದ ಸಮುದ್ರಕ್ಕೆ ಬಿಳಿಯ ಬಿಲ್ಲೆಯೊಂದನ್ನು ಹಗ್ಗದಲ್ಲಿ ಇಳಿಸಿ, ಅದು ಎಷ್ಟು ಆಳದಲ್ಲಿ ಕಣ್ಣಿಗೆ ಕಾಣದಾಗುತ್ತದೆ ಎಂದು ಅಳೆದರು. ಇವತ್ತಿಗೂ ಪ್ರಪಂಚದ ಎಲ್ಲ ಕಡೆ ಕೆರೆ ಸರೋವರಗಳ ತಿಳಿಯನ್ನು ಅವರ ಹೆಸರಿನ ಬಿಲ್ಲೆಯಿಂದಲೇ ಅಳೆಯುತ್ತಾರೆ. ನಕ್ಷತ್ರ ನೋಡುವವರೇ ನೀರಿನ ಒಳಗೂ ನೋಡಿದರು ಎಂಬುದು ನಮಗೆ ಬಹಳ ಇಷ್ಟವಾದ ಸಂಗತಿ.

ನಾವೂ ಅದನ್ನೇ ಮಾಡಿದ್ದೇವೆ. ಪೈಂಟ್ ಡಬ್ಬಿಯ ಮುಚ್ಚಳಕ್ಕೆ ಬಿಳಿ ಬಣ್ಣ ಬಳಿದು, ಕೆಳಗೆ ಒಂದು ಕಲ್ಲು ಕಟ್ಟಿ, ನೈಲಾನ್ ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿದ್ದೇವೆ. ಬಿಸಿಲು ನೆತ್ತಿಗೆ ಬಂದಾಗ ಬಾವಿಗೆ ಇಳಿಸಿ, ಮುಚ್ಚಳ ನೀರು ಮುಟ್ಟಿದಲ್ಲಿಂದ ಕಾಣದಾಗುವವರೆಗೆ ಎಷ್ಟು ಗಂಟು ಎಂದು ಎಣಿಸಿ ಸಂಘದ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಕಿನ ಜೊತೆ ಬರೆಯಿರಿ. ತಳದವರೆಗೂ ಕಂಡರೆ "ತಳ" ಎಂದು ಬರೆಯಿರಿ. ಇದು ಎನ್‌ಟಿಯು ಹೇಳುವುದಿಲ್ಲ, ನೀರು ಕುಡಿಯಬಹುದು ಎಂದೂ ಹೇಳುವುದಿಲ್ಲ. ನಿಮ್ಮ ಬಾವಿ ಹೋದ ವಾರ ಹೇಗಿತ್ತು, ಈ ವಾರ ಹೇಗಿದೆ ಎಂಬುದನ್ನು ಹೇಳುತ್ತದೆ. ಎಂಟು ಗಂಟು ಇದ್ದದ್ದು ಒಂದೇ ರಾತ್ರಿಯಲ್ಲಿ ಎರಡಕ್ಕಿಳಿದರೆ ನಮಗೆ ಫೋನ್ ಮಾಡಿ, ಆಶಾ ಕಾರ್ಯಕರ್ತೆಗೆ ಹೇಳಿ, ಅವತ್ತಿನಿಂದ ಕುದಿಸಿ ಕುಡಿಯಿರಿ. ತಟ್ಟೆಯನ್ನು ಬೇರೆ ಯಾವುದಕ್ಕೂ ಉಪಯೋಗಿಸಬೇಡಿ, ಇಳಿಸುವ ಮೊದಲು ತೊಳೆಯಿರಿ, ಒಂದು ಬಾವಿಯದನ್ನು ಇನ್ನೊಂದಕ್ಕೆ ಹಾಕಬೇಡಿ.

ಒಟ್ಟು ಇಪ್ಪತ್ತೆರಡು ಮಾಡಿದ್ದೇವೆ, ಸಂಘಕ್ಕೆ ಒಂದರಂತೆ. ಚಹಾ ಕುಡಿದು ಹೋಗುವಾಗ ಬಾಗಿಲ ಹತ್ತಿರ ಸಹಿ ಮಾಡಿ ತೆಗೆದುಕೊಳ್ಳಿ. ಬಾಟಲಿ ತಂದವರು ನಿಮ್ಮ ನಿಮ್ಮ ಬಾಟಲಿಯ ಮೇಲೆ ಹೆಸರು ಬರೆದು ಇಲ್ಲೇ ಬಿಡಿ. ಅದರಿಂದ ಸ್ವಲ್ಪ ನೀರನ್ನು ಪರೀಕ್ಷೆಯ ಸಣ್ಣ ಶೀಶೆಗೆ ಹಾಕಿ ಇಡುತ್ತೇವೆ. ಎರಡು ದಿನದೊಳಗೆ ಶೀಶೆ ಕಪ್ಪಾದರೆ ಆ ನೀರಿಗೆ ಮಲದ ಸೋಂಕು ತಗುಲಿರಬಹುದು ಎಂದರ್ಥ. ನಾಡಿದ್ದು ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುತ್ತೇವೆ. ಮೊದಲ ಗಂಟಿನ ಲೆಕ್ಕವನ್ನು ಮಳೆ ಹಿಡಿಯುವ ಮೊದಲೇ, ಈ ಭಾನುವಾರದೊಳಗೆ ಬರೆದುಬಿಡಿ.